ಮೊದಲ ಗೇರಿನ ಗದ್ಯ

ಕನ್ನಡದ ಓದುಗನಿಗೆ ವಾಹನದ ವೇಗ ಹೆಚ್ಚಾಗಿ ಎರಡು ಕಡೆ ಸಿಗುತ್ತದೆ. ಒಂದು, ಪತ್ರಿಕೆಯ ಕ್ರೀಡಾ ಪುಟ. ಅಲ್ಲಿ ಯಾರೋ ಗೆದ್ದಿರುತ್ತಾರೆ. ಇನ್ನೊಂದು, ಜಿಲ್ಲಾ ಪುಟ. ಅಲ್ಲಿ ಯಾರೋ ಸತ್ತಿರುತ್ತಾರೆ. ‘ಅತಿವೇಗ ಮತ್ತು ಅಜಾಗರೂಕತೆ’ ಎಂಬ ಎರಡು ಪದಗಳಲ್ಲಿ ಆ ಸಾವಿನ ವಿಮರ್ಶೆಯೂ ಮುಗಿದಿರುತ್ತದೆ. ಈ ಎರಡು ಪುಟಗಳ ನಡುವೆ ದೊಡ್ಡದೊಂದು ಬಯಲು ಖಾಲಿ ಬಿದ್ದಿದೆ. ವೇಗವನ್ನು ಕಲಿಯುವವನ ಬರಹ, ಕಲಿಯಲು ಶುರು ಮಾಡಿ ಮೊದಲ ಸ್ಪರ್ಧೆಯಲ್ಲಿ ಹನ್ನೆರಡನೆಯವನಾಗಿ ಬಂದು ಮನೆಗೆ ಹೋದವನ ಬರಹ ಅಲ್ಲಿ ಇರಬೇಕಿತ್ತು. ಕಾರ್ ರೇಸಿನ ಮಟ್ಟಿಗೆ ನಮ್ಮಲ್ಲಿ ಅಂಥ ಗದ್ಯ ಹುಟ್ಟಿಲ್ಲ. ಇದು ಬರೀ ಕ್ರೀಡೆಯ ಕೊರತೆಯಲ್ಲ, ಭಾಷೆಯ ಕೊರತೆ ಎಂಬುದು ನನ್ನ ವಾದ.

ಮೊದಲು ಗೆಲುವಿನ ಪುಟವನ್ನೇ ಓದೋಣ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ತಿ ಮುಗಿಸಿದ ಮೊದಲ ಭಾರತೀಯರಾದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಅದೇ ಊರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದರು. ಮೂರೂ ದೊಡ್ಡ ಸುದ್ದಿಗಳೇ. ಆದರೆ ಇಂಥ ವರದಿಗಳ ಪದಕೋಶವನ್ನು ಗಮನಿಸಿ: ಸಾಧನೆ, ಕೀರ್ತಿ, ಹೆಮ್ಮೆ, ಗರಿ. ಇವೆಲ್ಲ ಮುಗಿದ ಕೆಲಸಕ್ಕೆ ಹಾಕುವ ಹಾರಗಳು. ಮೊದಲ ದಿನ ಹೆಲ್ಮೆಟ್ ಯಾರದಿತ್ತು, ಮೊದಲ ಫಾರಂ ಎಲ್ಲಿ ಸಿಕ್ಕಿತು, ಮೊದಲ ತಿರುವಿನಲ್ಲಿ ಕಾಲು ಯಾವ ಪೆಡಲ್ ಮೇಲಿತ್ತು ಎಂಬುದು ಈ ಪದಕೋಶದಲ್ಲಿ ಹಿಡಿಯುವುದಿಲ್ಲ. ಓದಿದ ಹುಡುಗನಿಗೆ ಗೆದ್ದವರ ಎತ್ತರ ಕಾಣುತ್ತದೆ, ಮೆಟ್ಟಿಲು ಕಾಣುವುದಿಲ್ಲ.

ನಾನು ರಾಯಚೂರು ಜಿಲ್ಲೆಯ ಈ ಭಾಗದಲ್ಲಿ ಕನ್ನಡ ಪಾಠ ಹೇಳುವವನು. ಲಿಂಗಸುಗೂರು, ಮಸ್ಕಿ, ಸಿಂಧನೂರು ಈ ಮೂರೂ ಊರುಗಳನ್ನು ರಾಷ್ಟ್ರೀಯ ಹೆದ್ದಾರಿ 150ಎ ದಾರಕ್ಕೆ ಪೋಣಿಸಿದಂತೆ ಪೋಣಿಸಿದೆ. ಅತ್ತ ಲಿಂಗಸುಗೂರು ತಾಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿ, ಇತ್ತ ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ನೀರಿನ ಹಿಂದೆ ಭತ್ತ, ಭತ್ತದ ಹಿಂದೆ ರೈಸ್ ಮಿಲ್ಲು, ಅದರ ಹಿಂದೆ ಸಾಲುಸಾಲು ಟ್ರ್ಯಾಕ್ಟರ್ ಶೋರೂಮು. ಇಲ್ಲಿನ ಹುಡುಗರಿಗೆ ಯಂತ್ರ ಹೊಸದಲ್ಲ. ಹೈಸ್ಕೂಲು ಮುಗಿಸುವ ಹೊತ್ತಿಗೆ ಎಷ್ಟೋ ಮಂದಿ ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರ್ ಓಡಿಸಿರುತ್ತಾರೆ. ಅಂಥ ಒಬ್ಬ ವಿದ್ಯಾರ್ಥಿ ಒಂದು ದಿನ ಪಾಠ ಮುಗಿದ ಮೇಲೆ ಕೇಳಿದ: “ಸರ್, ಕಾರ್ ರೇಸಿಗೆ ಸೇರಬೇಕಂದ್ರ ಎಲ್ಲಿಂದ ಸುರು ಮಾಡಬೇಕ್ರಿ? ಗೆದ್ದೋರ ಸುದ್ದಿ ಓದೀನ್ರಿ. ಹೆಂಗ ಸುರು ಮಾಡಿದ್ರು ಅಂತ ಎಲ್ಲೂ ಬರದಿಲ್ರಿ.” ಅವನ ಕೊನೆಯ ವಾಕ್ಯ ಒಳ್ಳೆಯ ವಿಮರ್ಶೆ. ಈ ಲೇಖನ ಅದರ ವಿಸ್ತರಣೆ ಮಾತ್ರ.

ಅವನ ಮೊದಲ ಪ್ರಶ್ನೆಗೆ ಉತ್ತರ ಇಲ್ಲದಿಲ್ಲ. ಶುರು ಮಾಡುವುದು ಕಾರಿನಿಂದಲ್ಲ, ಕ್ಲಬ್ಬಿನಿಂದ. ದೇಶದ ಮೋಟಾರ್ ಕ್ರೀಡೆಯನ್ನು ನಡೆಸುವ ಒಕ್ಕೂಟದ ಹೆಸರು ಎಫ್‌ಎಂಎಸ್‌ಸಿಐ. ಅದರ ಮಾನ್ಯತೆ ಪಡೆದ ಕ್ಲಬ್ಬುಗಳು ಬೆಂಗಳೂರು, ಚಿಕ್ಕಮಗಳೂರು, ಮೈಸೂರಿನಂಥ ಊರುಗಳಲ್ಲಿವೆ. ಒಕ್ಕೂಟದ ಸ್ಪರ್ಧಾ ಲೈಸೆನ್ಸ್ ಬೇಕು, ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಟ್ರ್ಯಾಕಿನಲ್ಲಿ ಓಡಿಸುವುದಾದರೆ ತರಬೇತಿ ಶಾಲೆಯೊಂದನ್ನು ದಾಟಿ ಬರಬೇಕು. ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯುತ್ತ ಬಂದ ಟ್ರ್ಯಾಕುಗಳು ಮುಖ್ಯವಾಗಿ ತಮಿಳುನಾಡಿನವು: ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಸಿಂಧನೂರಿನ ಹುಡುಗನಿಗೆ ಎರಡೂ ದೂರದ ಮಾತು.

ಆದರೆ ಟ್ರ್ಯಾಕೊಂದೇ ಬಾಗಿಲಲ್ಲ. ಇನ್ನೆರಡು ಬಾಗಿಲುಗಳಿವೆ. ಒಂದು ಆಟೋಕ್ರಾಸ್. ಮಣ್ಣಿನ ಬಯಲಿನಲ್ಲಿ ಕಂಬಗಳನ್ನು ನೆಟ್ಟು ದಾರಿ ಗುರುತಿಸಿರುತ್ತಾರೆ. ಒಂದು ಸಲಕ್ಕೆ ಒಂದೇ ಕಾರು, ಎದುರಾಳಿ ಗಡಿಯಾರ ಮಾತ್ರ. ಇನ್ನೊಂದು ಟಿಎಸ್‌ಡಿ ರ‍್ಯಾಲಿ, ಅಂದರೆ ಸಮಯ, ವೇಗ, ದೂರದ ಲೆಕ್ಕದ ಸ್ಪರ್ಧೆ. ಮಾಮೂಲಿ ರಸ್ತೆಯಲ್ಲಿ, ಮನೆಯ ಕಾರಿನಲ್ಲೇ, ಪಕ್ಕದಲ್ಲಿ ದಾರಿ ಹೇಳುವ ಗೆಳೆಯನನ್ನು ಕೂರಿಸಿಕೊಂಡು, ಹೇಳಿದ ಸರಾಸರಿ ವೇಗದಲ್ಲಿ ಹೋಗಬೇಕು. ತಡವಾಗಿ ಬಂದರೆ ದಂಡದ ಅಂಕ, ಬೇಗ ಬಂದರೂ ದಂಡದ ಅಂಕ. ಬೇಗ ಬಂದರೂ ತಪ್ಪು ಎಂಬ ರೇಸು ಇದೆ ಎಂಬುದೇ ನಮ್ಮ ಹುಡುಗರಿಗೆ ದೊಡ್ಡ ಸುದ್ದಿ. ಈ ಸುದ್ದಿ ಕ್ರೀಡಾ ಪುಟಕ್ಕೆ ಬರುವುದಿಲ್ಲ, ಏಕೆಂದರೆ ಅದರಲ್ಲಿ ಹಾರ ಹಾಕಲು ಕೊರಳಿಲ್ಲ.

ಮುಂದಿನ ಹೆಜ್ಜೆ ನಿಯಮಗಳದು. ಕ್ಲಬ್ ರೇಸು ಬಲುಮಟ್ಟಿಗೆ ಓದುವ ಕೆಲಸ. ಟ್ರ್ಯಾಕಿನ ಅಂಚಿನಲ್ಲಿ ನಿಂತ ಮಾರ್ಷಲ್ ತೋರಿಸುವ ಬಾವುಟಗಳನ್ನೇ ನೋಡಿ. ಹಳದಿ ಎಂದರೆ ಮುಂದೆ ಅಪಾಯವಿದೆ, ಯಾರನ್ನೂ ಹಿಂದೆ ಹಾಕಬೇಡ. ಹಳದಿಯ ಮೇಲೆ ಕೆಂಪು ಪಟ್ಟೆ ಎಂದರೆ ದಾರಿ ಜಾರುತ್ತದೆ. ನೀಲಿ ಎಂದರೆ ನಿನಗಿಂತ ಜೋರಿನವನು ಹಿಂದೆ ಇದ್ದಾನೆ. ಕೆಂಪು ಎಂದರೆ ಸ್ಪರ್ಧೆ ನಿಂತಿದೆ. ಕಪ್ಪು ಬಾವುಟದ ಜೊತೆ ನಿನ್ನ ನಂಬರ್ ತೋರಿಸಿದರೆ ನೀನು ಪಿಟ್ಟಿಗೆ ಬರಬೇಕು, ವಾದವಿಲ್ಲ. ಓಡುವ ಮುಂಚೆ ಕಾರಿನ ತಪಾಸಣೆ, ಹೆಲ್ಮೆಟ್ಟಿನ ಗುಣಮಟ್ಟದ ಚೀಟಿ, ಸೀಟುಪಟ್ಟಿ, ಬೆಂಕಿ ಆರಿಸುವ ಸಿಲಿಂಡರು, ಚಾಲಕರಿಗೆಲ್ಲ ಕಡ್ಡಾಯದ ಸಭೆ. ಆಮೇಲೆ ತಿರುವಿನ ಪಾಠ: ನೇರ ದಾರಿಯಲ್ಲೇ ಬ್ರೇಕ್ ಮುಗಿಸು, ಹೊರಬದಿಯಿಂದ ಒಳಗೆ ಹೋಗು, ಒಳಮೂಲೆ ಸವರಿ ಮತ್ತೆ ಹೊರಬದಿಗೆ ಬಾ. ವೇಗ ಎರಡು ಪಟ್ಟಾದರೆ ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲುವ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ಈ ಒಂದು ಲೆಕ್ಕ ಗೊತ್ತಿದ್ದರೆ ಹೆದ್ದಾರಿಯಲ್ಲಿ ಎಷ್ಟೋ ಜೀವ ಉಳಿಯುತ್ತವೆ. ಅದನ್ನು ಮೈಗೆ ಇಳಿಸುವ ಜಾಗ ಕ್ಲಬ್ಬಿನ ಬಯಲು.

ಈ ಓದೆಲ್ಲ ಇಂಗ್ಲಿಷಿನಲ್ಲಿದೆ. ಮಸ್ಕಿಯವರಿಗೆ ಈ ಪರಿಸ್ಥಿತಿ ಹೊಸದಲ್ಲ ಎಂದು ನಾನು ತಮಾಷೆಗೆ ಹೇಳುವುದುಂಟು. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಗುರುತಿಸಿದ ಮಸ್ಕಿಯ ಶಾಸನ ಅಶೋಕನ ಹೆಸರನ್ನು ನೇರವಾಗಿ ಹೇಳಿದ್ದರಿಂದ ಲೋಕಪ್ರಸಿದ್ಧವಾಯಿತು. ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬಂಡೆಯ ಮೇಲಿನ ಮಾತನ್ನು ಊರಿನವರಿಗೆ ಯಾರೋ ಅವರ ಮಾತಿನಲ್ಲಿ ಹೇಳಿರಲೇಬೇಕು, ಇಲ್ಲದಿದ್ದರೆ ಅದು ಬರೀ ಗೀರು. ಕಾರ್ ರೇಸಿನ ನಿಯಮ ಪುಸ್ತಕ ಕನ್ನಡದ ಹುಡುಗನಿಗೆ ಈಗ ಆ ಸ್ಥಿತಿಯಲ್ಲಿದೆ. ಬಂಡೆ ಇದೆ, ಓದಿ ಹೇಳುವವನು ಬಂದಿಲ್ಲ.

ಹಾಗಾದರೆ ನಮ್ಮ ಸಾಹಿತ್ಯ ಯಂತ್ರವನ್ನು ಕಂಡೇ ಇಲ್ಲವೇ? ಕಂಡಿದೆ, ಚೆನ್ನಾಗಿಯೇ ಕಂಡಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಬೈಸಿಕಲ್ಲು ಹಳ್ಳಿಗರ ಬಾಯಲ್ಲಿ ‘ಬೀಸೇಕಲ್ಲು’ ಆಗುತ್ತದೆ. ಓದುವಾಗ ನಗು ಬರುತ್ತದೆ. ಆದರೆ ಅಲ್ಲಿ ನಡೆಯುವುದು ಗಂಭೀರವಾದ ಕೆಲಸ: ಗೊತ್ತಿಲ್ಲದ ಯಂತ್ರವನ್ನು ಊರು ತನ್ನ ಮನೆಯೊಳಗಿನ ಕಲ್ಲಿನ ಹೆಸರಿಟ್ಟು ಒಳಗೆ ಕರೆದುಕೊಳ್ಳುತ್ತದೆ. ಯಂತ್ರದ ಮುಂದೆ ಹೊಸಬನ ಬೆರಗನ್ನು ಕನ್ನಡ ಗದ್ಯ ಹೇಳಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ತೇಜಸ್ವಿಯವರ ‘ಅಣ್ಣನ ನೆನಪು’ ಓದಿದವರಿಗೆ ಕುವೆಂಪು ಅವರ ಸ್ಟುಡಿಬೇಕರ್ ಕಾರು ಪರಿಚಿತ. ಅಲ್ಲಿ ಕಾರು ಪ್ರತಿಷ್ಠೆಯ ಗುರುತಾಗಿ ನಿಲ್ಲುವುದಿಲ್ಲ, ಮನೆಯ ಕತೆಯೊಳಗಿನ ಒಂದು ಪಾತ್ರವಾಗುತ್ತದೆ.

ಈ ಎಳೆ ಮುಂದೆ ಬೆಳೆಯಬಹುದಿತ್ತು. ಬೆಳೆದದ್ದು ಇನ್ನೊಂದು ಎಳೆ. ಶಂಕರ್ ನಾಗ್ ನಿರ್ದೇಶಿಸಿದ ‘ಆಕ್ಸಿಡೆಂಟ್’ (1985) ಸಿನಿಮಾದಲ್ಲಿ ಕಾರು ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಹರಿಯುತ್ತದೆ, ಅಧಿಕಾರ ಅದನ್ನು ಮುಚ್ಚಿಹಾಕಲು ನೋಡುತ್ತದೆ. ಆ ಕಾಲಕ್ಕೆ ಅದು ಬೇಕಾದ ಕೋಪ, ಇಂದಿಗೂ ಬೇಕು. ಆದರೆ ಆಮೇಲಿನ ನಮ್ಮ ಗಂಭೀರ ಬರಹ ಆ ಕೋಪದಲ್ಲೇ ಉಳಿದುಬಿಟ್ಟಂತಿದೆ. ಕಾರು ಎಂದರೆ ಉಳ್ಳವನ ಸೊಕ್ಕು, ವೇಗ ಎಂದರೆ ಅಹಂಕಾರ. ರಾಯಚೂರು ಜಿಲ್ಲೆಯವರೇ ಆದ ಅಮರೇಶ ನುಗಡೋಣಿಯವರ ‘ಸವಾರಿ’ ಕತೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ 2010ರಲ್ಲಿ ‘ಕನಸೆಂಬ ಕುದುರೆಯನೇರಿ’ ಸಿನಿಮಾ ಮಾಡಿದರು. ನಮ್ಮ ಸೀಮೆಯ ಸವಾರಿಯ ಆ ಶ್ರೇಷ್ಠ ಕತೆಯಲ್ಲೂ ಸವಾರಿ ಕನಸಿಗೆ ಮತ್ತು ಸಾವಿಗೆ ಅಂಟಿಕೊಂಡಿದೆ. ಇದು ಆ ಕೃತಿಗಳ ದೋಷವಲ್ಲ. ಅವುಗಳ ಪಕ್ಕದಲ್ಲಿ ಇರಬೇಕಾದ ಇನ್ನೊಂದು ಪುಸ್ತಕ ಇಲ್ಲ ಎಂಬುದು ನಮ್ಮ ಕಪಾಟಿನ ದೋಷ.

ಪುಸ್ತಕ ಇಲ್ಲ, ಆದರೆ ಪಠ್ಯ ಇದೆ. ಅದನ್ನು ಹುಡುಕಬೇಕಾದ್ದು ಜಾತ್ರೆಯಲ್ಲಿ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಟ್ರ್ಯಾಕ್ಟರನ್ನು ಟ್ರಾಲಿ ಸಮೇತ ಹಿಂದಕ್ಕೆ ಓಡಿಸುವ ಸ್ಪರ್ಧೆ ಈಗ ಸಾಮಾನ್ಯ. ಅದರ ಕರಪತ್ರವನ್ನು ಸಾಹಿತ್ಯದ ವಿದ್ಯಾರ್ಥಿಯಾಗಿ ಒಮ್ಮೆ ಓದಿ ನೋಡಿ. ಮೇಲೆ ದೇವರ ಹೆಸರು, ಕೆಳಗೆ ದಾನಿಗಳ ಹೆಸರು, ನಡುವೆ ನಾಲ್ಕೈದು ಸಾಲಿನ ನಿಯಮ: ಪ್ರವೇಶ ಫೀ ಇಷ್ಟು, ಹೆಸರು ಬರೆಸುವ ಹೊತ್ತು ಇಷ್ಟು, ಗೆರೆ ಮುಟ್ಟಿದರೆ ಔಟು, ಕಮಿಟಿಯವರ ತೀರ್ಮಾನವೇ ಅಂತಿಮ. ಯಾರು ಸೇರಬಹುದು, ಏನು ತರಬೇಕು, ಹೇಗೆ ಸೋಲಬಹುದು, ಸೋತರೆ ಯಾರ ಮಾತು ಕೇಳಬೇಕು ಎಂಬುದೆಲ್ಲ ಅರ್ಧ ಪುಟದಲ್ಲಿ, ಊರಿನ ಕನ್ನಡದಲ್ಲಿ. ಇದೇ ನಾನು ಹುಡುಕುತ್ತಿರುವ ಶುರುವಾತಿನ ಗದ್ಯ.

ಸ್ಪರ್ಧೆಯನ್ನೂ ನೋಡಿ. ಒಂದು ಸಲಕ್ಕೆ ಒಂದೇ ಟ್ರ್ಯಾಕ್ಟರು. ಎದುರಾಳಿ ಗಡಿಯಾರ. ಗಾಡಿ ತನ್ನದು ಅಥವಾ ಚಿಕ್ಕಪ್ಪನದು. ಟ್ರಾಲಿಯ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗನ್ನು ಮೊದಲು ಬಲಕ್ಕೆ ಎಳೆಯಬೇಕು, ಎಳೆದ ತಕ್ಷಣ ಹಿಂಬಾಲಿಸಿ ಬಿಡಬೇಕು. ಒಂದು ಗಳಿಗೆ ತಡವಾದರೆ ಇಂಜಿನ್ನೂ ಟ್ರಾಲಿಯೂ ಮೊಣಕೈಯಂತೆ ಮಡಚಿಕೊಳ್ಳುತ್ತವೆ. ಬಲವೂ ಧೈರ್ಯವೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಹದ ಮಾತ್ರ ಬರುತ್ತದೆ. ಮೇಲೆ ಹೇಳಿದ ಆಟೋಕ್ರಾಸಿಗೂ ಇದಕ್ಕೂ ರಚನೆಯಲ್ಲಿ ಯಾವ ಭೇದವೂ ಇಲ್ಲ. ಮೈಸೂರಿನ ಲಲಿತಮಹಲ್ ಬಳಿಯ ಬಯಲಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಮಾಡಿದರೆ ಅದು ಮೋಟಾರ್ ಸ್ಪೋರ್ಟ್, ನಮ್ಮಲ್ಲಿ ಟವೆಲ್ ಸುತ್ತಿಕೊಂಡು ಮಾಡಿದರೆ ‘ಗ್ರಾಮೀಣ ಸೊಗಡು’. ಈ ಹೆಸರಿಡುವಿಕೆಯಲ್ಲೇ ನಮ್ಮ ವಿಮರ್ಶೆಯ ಸೋಮಾರಿತನವಿದೆ. ಜನಪದ ಎಂದು ಕರೆದ ಕೂಡಲೇ ಅದರ ತಂತ್ರವನ್ನು ಓದುವ ಕಷ್ಟ ತಪ್ಪುತ್ತದೆ.

ಹೀಗೆ ಹೇಳುವಾಗ ಜಾತ್ರೆಯನ್ನು ತೇರಿಗೇರಿಸುವ ಆಸೆ ನನಗಿಲ್ಲ. ಟ್ರ್ಯಾಕ್ಟರ್ ಜಗ್ಗಾಟದಲ್ಲಿ ಮುಂದಿನ ಗಾಲಿಗಳು ನೆಲ ಬಿಟ್ಟೇಳುವಾಗ ಜನ ಹಗ್ಗದ ಅಂತರದಲ್ಲಿ ನಿಂತಿರುತ್ತಾರೆ, ಮಕ್ಕಳು ಇನ್ನೂ ಮುಂದೆ. ಹೆಣ್ಣುಮಕ್ಕಳು ಮನೆಯ ಮಾಳಿಗೆಯಿಂದ ನೋಡುವವರು ಮಾತ್ರ. ಸ್ಟೇರಿಂಗು ಹಿಡಿದವರನ್ನು ನಾನು ಕಂಡಿಲ್ಲ. ಕರಪತ್ರದಲ್ಲಿ ಬಹುಮಾನದ ಮೊತ್ತ ದಪ್ಪಕ್ಷರದಲ್ಲಿರುತ್ತದೆ, ಪ್ರಥಮ ಚಿಕಿತ್ಸೆಯ ಸಾಲು ಇರುವುದಿಲ್ಲ. ಕ್ಲಬ್ಬಿನ ನಿಯಮ ಪುಸ್ತಕ ಈ ಕರಪತ್ರಕ್ಕೆ ಕಲಿಸಬೇಕಾದ್ದು ಇಲ್ಲಿದೆ. ಭಾಷೆ ಅಲ್ಲಿಂದ ಬರಲಿ, ಎಚ್ಚರ ಇಲ್ಲಿಂದ ಬರಲಿ.

ನಿಯಮಗಳು ಹೊರಗಿನ ಟೀಕೆಯಿಂದ ಬೆಳೆದ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಕಾರ ಹುಣ್ಣಿಮೆಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು 1.5 ಟನ್, 2 ಟನ್, 2.5 ಟನ್ ಭಾರದ ಕಲ್ಲು ಎಳೆಯುತ್ತವೆ. ಎತ್ತಿನ ಬಂಡಿ ಓಟಕ್ಕೆ 2014ರ ಸುಪ್ರೀಂ ಕೋರ್ಟ್ ತೀರ್ಪು ತಡೆ ಹಾಕಿತು, 2017ರಲ್ಲಿ ಕರ್ನಾಟಕ ಕಾನೂನು ತಿದ್ದಿತು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಈ ಒಂಬತ್ತು ವರ್ಷಗಳ ವಾದದಲ್ಲಿ ಪ್ರಾಣಿಯ ನೋವು, ಸಂಪ್ರದಾಯ, ಷರತ್ತು ಎಂಬೆಲ್ಲ ಮಾತುಗಳು ಕನ್ನಡದಲ್ಲಿ ಹರಿದಾಡಿದವು, ಹಳ್ಳಿಕಟ್ಟೆಯವರೂ ಮಾತಾಡಿದರು. ಯಂತ್ರದ ವೇಗದ ಬಗ್ಗೆ ಅಂಥ ಒಂದು ಸಾರ್ವಜನಿಕ ವಾದ ನಮ್ಮಲ್ಲಿ ನಡೆದೇ ಇಲ್ಲ.

ಬೇರೆ ಕಡೆ ನಡೆದಿದೆ, ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ ಹುಟ್ಟಿದ್ದು 1944ರಲ್ಲಿ. ಅದರ ಹವ್ಯಾಸಿಗಳು 1948ರಿಂದ ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಎಂಬ ಪುಟ್ಟ ಊರಿನ ಬೀದಿಗಳಲ್ಲೇ ರೇಸ್ ಓಡಿಸಿದರು. ಊರಿಗೆ ಅದು ಜಾತ್ರೆ. 1952ರಲ್ಲಿ ಒಂದು ಕಾರು ಜನರ ಸಾಲಿಗೆ ತಾಗಿ ಏಳು ವರ್ಷದ ಹುಡುಗ ತೀರಿಕೊಂಡ. ಅಲ್ಲಿಗೆ ಬೀದಿ ರೇಸು ಮುಗಿಯಿತು. ಕ್ಲಬ್ಬು ವಾಯುನೆಲೆಗಳ ರನ್‌ವೇಗೆ, ಆಮೇಲೆ ಮುಚ್ಚಿದ ಟ್ರ್ಯಾಕಿಗೆ ಹೋಯಿತು. ನಮ್ಮ ಮದರಾಸಿನ ಕ್ಲಬ್ಬು 1953ರಲ್ಲಿ ಹುಟ್ಟಿ ಶೋಲಾವರಂನ ಹಳೆಯ ವಿಮಾನ ಪಟ್ಟಿಯಲ್ಲಿ ದಶಕಗಳ ಕಾಲ ರೇಸ್ ನಡೆಸಿತು, 1990ರಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕ್ ಕಟ್ಟಿಕೊಂಡಿತು.

ಇಟಲಿಯ ಕತೆ ಇನ್ನೂ ಕಟುವಾದದ್ದು. ಸಾವಿರ ಮೈಲಿಯ ‘ಮಿಲ್ಲೆ ಮಿಲಿಯಾ’ ರೇಸು ನಡೆಯುತ್ತಿದ್ದದ್ದು ಸಾರ್ವಜನಿಕ ರಸ್ತೆಯಲ್ಲಿ. 1957ರಲ್ಲಿ ಒಂದು ಫೆರಾರಿಯ ಟೈರು ಸಿಡಿದು ಚಾಲಕ, ಅವನ ಜೊತೆಗಾರ, ದಾರಿಬದಿಯ ಒಂಬತ್ತು ಮಂದಿ ಸತ್ತರು. ಅವರಲ್ಲಿ ಐವರು ಮಕ್ಕಳು. ಆ ವರ್ಷದ ರೇಸ್ ಗೆದ್ದವರು ಪಿಯೆರೊ ತರುಫಿ, ಐವತ್ತು ವಯಸ್ಸಿನ ಎಂಜಿನಿಯರು. ಅವರು ಸ್ಪರ್ಧೆಯಿಂದ ಹಿಂದೆ ಸರಿದು, ಈ ಕ್ರೀಡೆಯ ಅಪಾಯದ ಬಗ್ಗೆ ಪತ್ರಿಕೆಯಲ್ಲಿ ಬರೆದರು. ರೇಸ್ ಓಡಿಸುವ ತಂತ್ರದ ಬಗ್ಗೆ ಒಂದು ಪಠ್ಯಪುಸ್ತಕವನ್ನೂ ಬರೆದರು. ತಿರುವನ್ನು ಚಿತ್ರ ಮತ್ತು ಲೆಕ್ಕದ ಮೂಲಕ ವಿವರಿಸುವ ಆ ಪುಸ್ತಕವನ್ನು ಕಲಿಯುವವರು ಬಹುಕಾಲ ಓದಿದರು. ಗೆದ್ದವನು ಹಾರ ತೆಗೆದಿಟ್ಟು ಮೇಷ್ಟ್ರಾದ ಕತೆ ಇದು. ನಮ್ಮ ಕ್ರೀಡಾ ಬರಹಕ್ಕೆ ಬೇಕಾದ ಮಾದರಿ ಇದೇ.

ಒಂದು ಆಕ್ಷೇಪ ಬರುತ್ತದೆ, ಬರಲಿ. ಮಳೆ ಕೈಕೊಟ್ಟರೆ ಗುಳೆ ಹೋಗುವ ಸೀಮೆಯಲ್ಲಿ ಕಾರ್ ರೇಸಿನ ಮಾತೇ? ಕಾಲುವೆಯ ಕೊನೆಯ ಹಳ್ಳಿಗೆ ನೀರು ಮುಟ್ಟದ ತಾಲೂಕಿನಲ್ಲಿ ಇದು ಯಾರ ಸಾಹಿತ್ಯ? ಪ್ರಶ್ನೆ ನ್ಯಾಯವಾದದ್ದು. ರೇಸು ದುಬಾರಿ, ಎಲ್ಲರದ್ದಲ್ಲ. ಆದರೆ ವೇಗ ಆಗಲೇ ಎಲ್ಲರದ್ದಾಗಿದೆ. ಸಾಲದ ಬೈಕು, ಸೆಕೆಂಡ್‌ಹ್ಯಾಂಡ್ ಕಾರು, ನುಣುಪಾದ ಹೆದ್ದಾರಿ ಬಂದು ಎಷ್ಟೋ ದಿನವಾಯಿತು. ಅದನ್ನು ಹೇಗೆ ಹಿಡಿಯಬೇಕು ಎಂಬ ಮಾತು ಮಾತ್ರ ಬಂದಿಲ್ಲ. ಭತ್ತದ ಲಾರಿ, ಹತ್ತಿಯ ಟ್ರಾಲಿ, ಶಾಲೆಯ ಮಕ್ಕಳು ಒಟ್ಟಿಗೆ ಸಾಗುವ ರಸ್ತೆಯಲ್ಲಿ ಇಪ್ಪತ್ತರ ಹುಡುಗ ತನ್ನ ಮೊದಲ ರೇಸ್ ಓಡಿಸುತ್ತಾನೆ, ತಪಾಸಣೆ ಇಲ್ಲದೆ, ಬಾವುಟ ಇಲ್ಲದೆ, ಮಾರ್ಷಲ್ ಇಲ್ಲದೆ. ಕ್ಲಬ್ಬು ಅವನಿಗೆ ಕಲಿಸುವುದು ಜೋರಾಗಿ ಹೋಗುವುದನ್ನಲ್ಲ. ಎಲ್ಲಿ ಹೋಗಬಹುದು, ಎಲ್ಲಿ ಕೂಡದು, ಹಳದಿ ಕಂಡಾಗ ಕಾಲು ಹೇಗೆ ಎತ್ತಬೇಕು ಎಂಬುದನ್ನು. ‘ವೇಗವೇ ತಪ್ಪು’ ಎಂಬ ಉಪದೇಶದಿಂದ ಆಗದ ಕೆಲಸ ಇದು. ಉಪದೇಶ ಮಾಡುವವರ ಗದ್ಯದಲ್ಲಿ ಹುಡುಗನ ಆಸೆಗೆ ಹೆಸರೇ ಇಲ್ಲದಿದ್ದರೆ ಅವನು ಅದನ್ನು ಯಾಕೆ ಓದುತ್ತಾನೆ?

ಆದ್ದರಿಂದ ನಾನು ಕೇಳುತ್ತಿರುವುದು ಮಹಾಕಾದಂಬರಿಯನ್ನಲ್ಲ. ನಾಲ್ಕು ಪುಟದ ಒಂದು ಕನ್ನಡ ಕರಪತ್ರ. ಕ್ಲಬ್ಬಿಗೆ ಸೇರುವುದು ಹೇಗೆ, ಲೈಸೆನ್ಸಿಗೆ ಏನು ಬೇಕು, ಮನೆಯ ಕಾರಿನಲ್ಲಿ ಆಗುವ ಸ್ಪರ್ಧೆ ಯಾವುದು, ಯಾವ ಬಾವುಟಕ್ಕೆ ಏನರ್ಥ, ಕಾರಿಲ್ಲದವನೂ ಬಾವುಟ ಹಿಡಿದು ಮಾರ್ಷಲ್ ಆಗಿ ಈ ಆಟದೊಳಗೆ ಬರಬಹುದು ಎಂಬ ಒಂದು ಸಾಲು. ಜಾತ್ರೆಯ ಮೈಕಿನಲ್ಲಿ ಓದಿದರೆ ಅರ್ಥವಾಗುವ ಕನ್ನಡದಲ್ಲಿ ಅದು ಇರಬೇಕು. ಆಮೇಲೆ ಯಾರಾದರೂ ತಮ್ಮ ಮೊದಲ ಸ್ಪರ್ಧೆಯ ಬಗ್ಗೆ ಬರೆಯಲಿ, ಗೆದ್ದದ್ದನ್ನಲ್ಲ, ಹನ್ನೆರಡನೆಯವರಾಗಿ ಬಂದದ್ದನ್ನು. ಸಾಹಿತ್ಯದ ವಿದ್ಯಾರ್ಥಿಗಳು ಕೈ ಹಾಕಬಹುದಾದ ಕೆಲಸ ಇದು. ಅನುವಾದಕ್ಕೆ ಹೊಸ ಪಠ್ಯ ಹುಡುಕುತ್ತಿರುವವರು ಮೊದಲು ಬಾವುಟಗಳಿಂದ ಶುರು ಮಾಡಲಿ.